ಹೆಡ್‌ಲೈಟ್ ಒಳಗೆ ನೀರು ಸೇರುತ್ತಿದೆ. ಮನೆಯಲ್ಲೇ ಕಳಚಿ, ಬಿಚ್ಚಿ ಸರಿಮಾಡಬಹುದೇ?

ನೀವು ಬರೆದದ್ದರ ಸಾರಾಂಶ ಇಷ್ಟು. ಮಳೆ ಬಂದಾಗಲೆಲ್ಲ ಬಲಗಡೆಯ ಹೆಡ್‌ಲೈಟಿನೊಳಗೆ ನೀರು ಸೇರುತ್ತದೆ, ಮುಂದಿನ ಗ್ಲಾಸು ಹಳದಿಯಾಗಿದೆ, ಮೆಕ್ಯಾನಿಕ್ ಪೂರ್ತಿ ಅಸೆಂಬ್ಲಿಯನ್ನೇ ಬದಲಿಸಿ ಅಂತಾರೆ, ವಿಡಿಯೋಗಳಲ್ಲಿ ಮಾತ್ರ ಓವನ್‌ನಲ್ಲಿಟ್ಟು ಹತ್ತು ನಿಮಿಷಕ್ಕೇ ಬಿಚ್ಚಿಬಿಡುತ್ತಾರೆ. ನಾನೂ ಮಾಡಬಹುದಾ ಎಂದು ಕೇಳಿದ್ದೀರಿ.

ಕಾರಿನಿಂದ ಕಳಚುವುದನ್ನು ತಾಳ್ಮೆಯಿರುವ ಯಾರು ಬೇಕಾದರೂ ಮಾಡಬಹುದು. ಕಳಚಿದ ದೀಪವನ್ನು ಎರಡು ಭಾಗ ಮಾಡುವುದೂ ಅಂಥ ಕಷ್ಟವಲ್ಲ. ಮತ್ತೆ ನೀರು ಹೋಗದ ಹಾಗೆ ಮುಚ್ಚುವುದಿದೆಯಲ್ಲ, ಅದೇ ನಿಜವಾದ ಕೆಲಸ. ಸ್ನೇಹಿತರ ಕಾರುಗಳ ಹೆಡ್‌ಲೈಟ್ ಹಿಡಿದುಕೊಂಡು ಕೂರುವುದು ನನಗೊಂದು ಚಟ. ಆದರೆ ನನ್ನ ಬಳಿ ಬರುವ ದೀಪಗಳಲ್ಲಿ ಹೆಚ್ಚಿನವನ್ನು ಬಿಚ್ಚದೆಯೇ ವಾಪಸು ಕಳಿಸುತ್ತೇನೆ, ಯಾಕೆಂದರೆ ಅವಕ್ಕೆ ಬಿಚ್ಚುವ ಅಗತ್ಯವೇ ಇರುವುದಿಲ್ಲ.

ಮೊದಲು ಹಳದಿ ಬಣ್ಣದ ವಿಚಾರ ಮುಗಿಸೋಣ. ನಾವು ಗ್ಲಾಸು ಎನ್ನುವುದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಹೊರಮೈಗೆ ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಒಂದು ಲೇಪ ಇರುತ್ತದೆ. ಆ ಲೇಪ ಸವೆದ ಮೇಲೆ ಹಳದಿಯಾಗುತ್ತದೆ. ಅಂದರೆ ರೋಗ ಇರುವುದು ಹೊರಗೆ, ಅದಕ್ಕಾಗಿ ಒಳಗೆ ಕೈಹಾಕಬೇಕಿಲ್ಲ. ನೀರು ಚಿಮುಕಿಸುತ್ತಾ 800, 1500, 3000 ನಂಬರಿನ ವಾಟರ್ ಪೇಪರ್‌ನಿಂದ ಕ್ರಮವಾಗಿ ಉಜ್ಜಿ, ಪಾಲಿಶ್ ಹಾಕಿ, ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆದರೆ ಮುಗಿಯಿತು. ಆ ಕೊನೆಯ ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಉಜ್ಜಿದವರ ಹೊಳಪು ಹೆಚ್ಚು ದಿನ ನಿಲ್ಲದಿರುವುದಕ್ಕೂ ಇದೇ ಕಾರಣ.

ಇನ್ನು ನೀರು. ಹೆಡ್‌ಲೈಟ್ ಪೂರ್ತಿ ಗಾಳಿಯಾಡದ ಡಬ್ಬಿಯಲ್ಲ. ಬಲ್ಬ್ ಉರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಬೇಕು, ಆರಿದಾಗ ವಾಪಸು ಬರಬೇಕು. ಅದಕ್ಕೆಂದೇ ಹಿಂಬದಿಯಲ್ಲಿ ಗಾಳಿಕಿಂಡಿಗಳಿರುತ್ತವೆ. ಕೆಲವದರಲ್ಲಿ ಬಾಗಿದ ರಬ್ಬರ್ ಕೊಳವೆ, ಕೆಲವದರಲ್ಲಿ ಗಾಳಿ ಬಿಟ್ಟು ನೀರು ತಡೆಯುವ ತೆಳು ಪೊರೆ. ಹಾಗಾಗಿ ಚಳಿಯಲ್ಲೋ ಕಾರು ತೊಳೆದ ಮೇಲೋ ಗ್ಲಾಸಿನ ಒಳಮೈಗೆ ತೆಳ್ಳಗೆ ಮಂಜು ಕಟ್ಟಿ, ದೀಪ ಉರಿಸಿದ ಸ್ವಲ್ಪ ಹೊತ್ತಿಗೆ ಕರಗಿದರೆ ಅದು ದೋಷವಲ್ಲ. ಎಲ್‌ಇಡಿ ಹೆಡ್‌ಲೈಟ್‌ಗಳಲ್ಲಿ ಬೆಳಕಿನ ಜೊತೆ ಮುಂದಕ್ಕೆ ಶಾಖ ಅಷ್ಟು ಬರುವುದಿಲ್ಲವಾದ್ದರಿಂದ ಈ ಮಂಜು ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಹನಿಗಳು ಇಳಿದು ತಳದಲ್ಲಿ ನೀರು ನಿಂತಿದ್ದರೆ ಮಾತ್ರ ಸೋರಿಕೆ.

ಸೋರಿಕೆಯಾದರೂ ಮೊದಲ ಅನುಮಾನ ಅಂಟಿನ ಮೇಲೆ ಹೋಗಬಾರದು, ಹಿಂದಿನ ಮುಚ್ಚಳದ ಮೇಲೆ ಹೋಗಬೇಕು. ಬಲ್ಬ್ ಬದಲಿಸಿದವರು ರಬ್ಬರ್ ಕ್ಯಾಪನ್ನು ಓರೆಯಾಗಿ ಕೂರಿಸಿರುತ್ತಾರೆ. ಅಥವಾ ಫ್ಯಾನ್ ಇರುವ ಉದ್ದದ ಎಲ್‌ಇಡಿ ಬಲ್ಬ್ ಹಿಡಿಸಲು ಕ್ಯಾಪ್ ಕತ್ತರಿಸಿರುತ್ತಾರೆ, ಇಲ್ಲವೇ ತೆಗೆದೇ ಇಟ್ಟಿರುತ್ತಾರೆ. ಗಾಳಿಕಿಂಡಿಗೆ ಕೆಸರು ಮೆತ್ತಿದ್ದರೂ ಕಥೆ ಅದೇ, ಬಿಸಿಯಾದ ದೀಪ ತಣಿಯುವಾಗ ಸಿಕ್ಕ ಸಂದಿಯಿಂದ ತೇವ ಎಳೆದುಕೊಳ್ಳುತ್ತದೆ. ಬಾನೆಟ್ ಎತ್ತಿ ಇದನ್ನೆಲ್ಲ ನೋಡಿ, ಕಿಂಡಿ ಶುಚಿಮಾಡಿ, ಕ್ಯಾಪ್ ತೆಗೆದು ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಒಣಗಿಸಿ, ಮತ್ತೆ ಸರಿಯಾಗಿ ಮುಚ್ಚಿ ಒಂದು ಮಳೆ ಕಾಯಿರಿ. ಆಗಲೂ ನೀರು ಬಂದರೆ ಕಳಚುವ ಮಾತು.

ಕಳಚುವ ಮುನ್ನ ಒಂದು ಕೆಲಸ ಉಂಟು, ವಿಡಿಯೋಗಳಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಸಮತಟ್ಟಾದ ನೆಲದಲ್ಲಿ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ, ಡಿಪ್ ಹಾಕಿ, ಬೆಳಕು ಕತ್ತಲೆಗಳ ನಡುವಿನ ಗೆರೆ ಗೋಡೆಯ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಟೇಪ್ ಅಂಟಿಸಿ. ಕಾರಿನ ಚಕ್ರಗಳು ಎಲ್ಲಿದ್ದವು ಎಂದೂ ಗುರುತು ಮಾಡಿ. ದೀಪವನ್ನು ವಾಪಸು ಕೂರಿಸಿದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ.

ಆಮೇಲೆ ದೀಪ ಆರಿಸಿ, ತಣ್ಣಗಾಗಲು ಬಿಟ್ಟು, ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ನಿಮ್ಮದು ಝೆನಾನ್ (ಫಿಲಮೆಂಟ್ ಇಲ್ಲದೆ, ಅನಿಲದೊಳಗಿನ ವಿದ್ಯುತ್ ಕಿಡಿಯಿಂದ ಬೆಳಗುವ ದೀಪ) ಆಗಿದ್ದರೆ ಇದು ಕಡ್ಡಾಯ. ಅದನ್ನು ಹೊತ್ತಿಸುವ ಕ್ಷಣದಲ್ಲಿ ಇಗ್ನೈಟರ್ 20 ಸಾವಿರ ವೋಲ್ಟ್‌ಗೂ ಹೆಚ್ಚಿನ ಹೊಡೆತ ಕೊಡುತ್ತದೆ. ಡಿ1, ಡಿ2 ಮಾದರಿಯ ಝೆನಾನ್ ಬಲ್ಬ್‌ಗಳಲ್ಲಿ ಪಾದರಸವೂ ಇರುತ್ತದೆ, ಒಡೆಯದಂತೆ ನೋಡಿಕೊಳ್ಳಿ.

ಹಳೆಯ ಕಾರುಗಳಲ್ಲಿ ಬಾನೆಟ್ ಎತ್ತಿ ಎರಡು ಮೂರು ಬೋಲ್ಟ್ ತೆಗೆದರೆ ದೀಪ ಕೈಗೆ ಬರುತ್ತಿತ್ತು. ಈಗಿನ ಬಹುತೇಕ ಕಾರುಗಳಲ್ಲಿ ಒಂದಾದರೂ ಬೋಲ್ಟ್ ಬಂಪರಿನ ಹಿಂದೆ ಅಡಗಿರುತ್ತದೆ, ಹಾಗಾಗಿ ಬಂಪರ್ ಪೂರ್ತಿ ಇಳಿಸಬೇಕು, ಇಲ್ಲವೇ ಒಂದು ಮೂಲೆಯನ್ನಾದರೂ ಸಡಿಲಿಸಬೇಕು. ಮೇಲ್ಭಾಗದಲ್ಲಿ ಪ್ಲಾಸ್ಟಿಕ್ ಪುಶ್ ಕ್ಲಿಪ್‌ಗಳು, ಚಕ್ರದ ಕಮಾನಿನೊಳಗೆ ಸ್ಕ್ರೂಗಳು, ತಳದಲ್ಲಿ ಇನ್ನಷ್ಟು. ಕ್ಲಿಪ್‌ನ ನಡುವಿನ ಪಿನ್ನನ್ನು ಮೊದಲು ಎತ್ತಿ, ಆಮೇಲೆ ಇಡೀ ಕ್ಲಿಪ್ ಎಳೆಯಿರಿ. ಕೆಲವು ಜಾತಿಯಲ್ಲಿ ಪಿನ್ನನ್ನು ಎತ್ತುವ ಬದಲು ಒಳಕ್ಕೆ ಒತ್ತಬೇಕು. ಫೆಂಡರಿನ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿನ, ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳದೆ ಬಂಪರ್ ಎಳೆದರೆ ಪೇಂಟ್ ಗೀಚುವುದು ಖಚಿತ. ಬಂಪರ್ ಸಡಿಲಾಯಿತೆಂದು ಒಮ್ಮೆಲೇ ಮುಂದಕ್ಕೆ ಸೆಳೆಯಬೇಡಿ. ಫಾಗ್ ಲ್ಯಾಂಪಿನದೋ ಸೆನ್ಸರಿನದೋ ವೈರ್ ಹಿಂದೆ ಜೋತಾಡುತ್ತಿರುತ್ತದೆ. ಇನ್ನೊಬ್ಬರು ಹಿಡಿದುಕೊಳ್ಳಲು ಇದ್ದರೆ ಒಳ್ಳೆಯದು.

ದೀಪದ ಬೋಲ್ಟ್‌ಗಳು ಸಾಮಾನ್ಯವಾಗಿ 10 ಎಂಎಂ ಸಾಕೆಟ್ಟಿನವು. ಎಲ್ಲ ತೆಗೆದರೂ ದೀಪ ಅಲ್ಲಾಡದಿದ್ದರೆ ಬಲಪ್ರಯೋಗ ಬೇಡ. ಇನ್ನೊಂದು ಬೋಲ್ಟ್ ಉಳಿದಿದೆ, ಇಲ್ಲವೇ ಫೆಂಡರಿನ ಬದಿಯ ಗೂಟವೊಂದು ತನ್ನ ಗೂಡಿನಲ್ಲಿ ಕೂತಿದೆ ಎಂದರ್ಥ. ದೀಪವನ್ನು ಕಾರಿಗೆ ಹಿಡಿದಿಡುವ ಪ್ಲಾಸ್ಟಿಕ್ ಕಿವಿಗಳು ಮುರಿದರೆ ಸೋರಿಕೆಗಿಂತ ದೊಡ್ಡ ತಲೆನೋವು. ದೀಪಕ್ಕೆ ವೈರ್ ಜೋಡಿಸುವ ಕಪ್ಲರ್ ತೆಗೆಯುವಾಗ ವೈರ್ ಹಿಡಿದು ಎಳೆಯಬೇಡಿ. ಕೆಂಪೋ ಹಳದಿಯೋ ಬಣ್ಣದ ಲಾಕ್ ಇದ್ದರೆ ಅದನ್ನು ಹಿಂದೆ ಸರಿಸಿ, ನಾಲಿಗೆ ಒತ್ತಿ, ಕಪ್ಲರಿನ ಮೈ ಹಿಡಿದು ಬಿಡಿಸಿ.

ದೀಪ ಕೈಗೆ ಬಂದ ಮೇಲೆ ಸೋರುವ ಜಾಗ ಹುಡುಕುವುದು ಸುಲಭ. ಬಲ್ಬ್‌ಗಳು ಮತ್ತು ಕ್ಯಾಪ್‌ಗಳು ತಮ್ಮ ಜಾಗದಲ್ಲೇ ಇರಲಿ. ಒಂದು ಗಾಳಿಕಿಂಡಿ ಬಿಟ್ಟು ಉಳಿದವಕ್ಕೆ ಟೇಪ್ ಹಾಕಿ, ಗ್ಲಾಸು ಮತ್ತು ಡಬ್ಬಿ ಕೂಡುವ ಸಂದಿಗೆ ಸುತ್ತಲೂ ಸೋಪಿನ ನೀರು ಹಚ್ಚಿ, ಆ ಒಂದು ಕಿಂಡಿಗೆ ಕೊಳವೆ ಸಿಕ್ಕಿಸಿ ಬಾಯಲ್ಲಿ ಮೆಲ್ಲಗೆ ಊದಿ. ಗುಳ್ಳೆ ಎದ್ದಲ್ಲಿ ತೂತು. ಗುಳ್ಳೆ ಕ್ಯಾಪಿನ ಬಳಿ ಎದ್ದರೆ ರಬ್ಬರ್ ರಿಂಗ್ ಬದಲಿಸಿ ನೆಮ್ಮದಿಯಾಗಿರಿ. ಡಬ್ಬಿಯಲ್ಲೇ ಸಣ್ಣ ಬಿರುಕಿದ್ದರೆ ಹೊರಗಿನಿಂದಲೇ ಮುಚ್ಚಬಹುದು. ಸಂದಿಯುದ್ದಕ್ಕೂ ಗುಳ್ಳೆ ಬಂದರೆ, ಅಥವಾ ಒಳಗೆ ಕೆಸರಿನ ಕಲೆ ಕೂತಿದ್ದರೆ ಮಾತ್ರ ಬಿಚ್ಚಿ.

ಎಲ್ಲ ದೀಪಗಳೂ ಬಿಚ್ಚಲು ಬರುವುದಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಹಿಂದೆ ಅಮೆರಿಕದಲ್ಲಿ 1940ರಿಂದ 1980ರ ದಶಕದ ಆರಂಭದವರೆಗೂ ಸೀಲ್ಡ್ ಬೀಮ್ ಎಂಬ ಗಾಜಿನ ದೀಪ ಕಡ್ಡಾಯವಾಗಿತ್ತು. ಫಿಲಮೆಂಟು, ರಿಫ್ಲೆಕ್ಟರು, ಗ್ಲಾಸು ಎಲ್ಲ ಒಂದೇ ಉಂಡೆ, ಕೆಟ್ಟರೆ ಪೂರ್ತಿ ಎಸೆಯುವುದು, ಬಿಚ್ಚುವ ಪ್ರಶ್ನೆಯೇ ಇಲ್ಲ. ಈಗಿನ ದೀಪಗಳಲ್ಲಿ ಎರಡು ಪಂಗಡ. ಒಂದಕ್ಕೆ ಬ್ಯೂಟೈಲ್ ಎಂಬ ರಬ್ಬರಿನಂಥ ಅಂಟು, ಬಿಸಿ ಮಾಡಿದರೆ ಅಗಿದ ಚ್ಯೂಯಿಂಗ್ ಗಮ್‌ನಂತೆ ಎಳೆ ಎಳೆಯಾಗಿ ಬಿಡುತ್ತದೆ. ಇನ್ನೊಂದಕ್ಕೆ ಒಮ್ಮೆ ಗಟ್ಟಿಯಾದರೆ ಬಿಸಿಗೆ ಜಗ್ಗದ ಅಂಟು. ಸಂದಿಯಲ್ಲಿ ಸಣ್ಣ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ. ತಣ್ಣಗಿರುವಾಗಲೂ ಕಪ್ಪಗೆ ಜಿಗುಟಾಗಿ ಅಂಟಿಕೊಂಡರೆ ಬ್ಯೂಟೈಲ್. ಒಣ ರಬ್ಬರಿನ ಹಾಗೆ ಪುಟಿದರೆ ಅಥವಾ ಉಗುರೂ ಇಳಿಯದಷ್ಟು ಗಟ್ಟಿಯಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಅದನ್ನು ಕೊಯ್ದೇ ತೆಗೆಯಬೇಕು, ಮೊದಲ ಸಲದವರಿಗೆ ಆಗುವ ಕೆಲಸವಲ್ಲ. ಎಲ್‌ಇಡಿ ಮತ್ತು ಅದರ ಸರ್ಕ್ಯೂಟ್ ಬೋರ್ಡ್‌ಗಳು ಒಳಗೇ ಸೇರಿರುವ ದೀಪವನ್ನೂ ಓವನ್‌ಗೆ ಇಡಬೇಡಿ.

ಬ್ಯೂಟೈಲ್ ಇದ್ದರೆ ಮೊದಲು ಬಲ್ಬ್, ಬೆಳಕಿನ ಎತ್ತರ ಹೊಂದಿಸುವ ಮೋಟಾರ್, ಕ್ಯಾಪ್ ಎಲ್ಲ ತೆಗೆಯಿರಿ. ಅಂಚಿನ ಸುತ್ತ ಇರುವ ಚಿಕ್ಕ ಸ್ಕ್ರೂಗಳು ಮತ್ತು ಕೊಕ್ಕೆಗಳನ್ನು ಎರಡು ಸಲ ಎಣಿಸಿ. ಅಂಟು ಮೆತ್ತಗಾದ ಮೇಲೂ ಒಂದು ಮರೆತ ಸ್ಕ್ರೂ ಸಾಕು, ಗ್ಲಾಸು ಬಿರುಕು ಬಿಡಲು. ಓವನ್ ಇದ್ದರೆ 100 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿ, ಮರದ ಹಲಗೆಯ ಮೇಲೆ ದೀಪವಿಟ್ಟು, ಎಲ್ಲೂ ಕಾಯಿಲ್‌ಗೆ ತಾಗದ ಹಾಗೆ 8ರಿಂದ 10 ನಿಮಿಷ ಬಿಡಿ. ಅಡುಗೆಗೆ ಬಳಸುವ ಓವನ್ ಬೇಡ. ಓವನ್ನಿನ ಗುಂಡಿಯಲ್ಲಿ ಬರೆದ ಅಂಕಿಯನ್ನೂ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಪಾಲಿಕಾರ್ಬೊನೇಟ್ ಮೆತ್ತಗಾಗಲು 145 ಡಿಗ್ರಿ ದಾಟಬೇಕು ನಿಜ, ಆದರೆ ಒಳಗಿನ ಅಲಂಕಾರದ ಚೌಕಟ್ಟು ಎಬಿಎಸ್ ಪ್ಲಾಸ್ಟಿಕ್ ಆಗಿದ್ದರೆ 105ರ ಆಸುಪಾಸಿನಲ್ಲೇ ಸೊಟ್ಟಗಾಗತೊಡಗುತ್ತದೆ. ನನ್ನ ಮಟ್ಟಿಗೆ ಹೀಟ್ ಗನ್ನೇ ವಾಸಿ. ನಿಧಾನ, ಆದರೆ ಬಿಸಿ ಎಲ್ಲಿ ಬೀಳುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಒಂದೇ ಕಡೆ ನಿಲ್ಲಿಸದೆ, ಗೇಣಿನಷ್ಟು ದೂರದಿಂದ ಸಂದಿಯ ಮೇಲಷ್ಟೇ ಆಡಿಸುತ್ತಿರಿ.

ದಪ್ಪ ಕೈಗವಸು ಹಾಕಿಕೊಂಡು ಒಂದು ಮೂಲೆಯಿಂದ ಶುರುಮಾಡಿ. ಅಗಲ ಬಾಯಿಯ ಪ್ಲಾಸ್ಟಿಕ್ ಪಟ್ಟಿ ಸಂದಿಗೆ ತೂರಿಸಿ ಸ್ವಲ್ಪ ಸ್ವಲ್ಪವೇ ಅಗಲಿಸುತ್ತಾ ಸುತ್ತಿ ಬನ್ನಿ. ತಣಿದು ಬಿಗಿಯಾದರೆ ಜಗ್ಗಾಡದೆ ಮತ್ತೆ ಬಿಸಿ ಮಾಡಿ. ಕೊನೆಯಲ್ಲಿ ಗ್ಲಾಸು ಬಿಡುವಾಗ ಅಂಟಿನ ಎಳೆಗಳು ಉದ್ದಕ್ಕೆ ಬರುತ್ತವೆ. ಅವು ರಿಫ್ಲೆಕ್ಟರಿನ ಮೇಲೆ ಬೀಳದಂತೆ ಗ್ಲಾಸನ್ನು ನೇರ ಹೊರಕ್ಕೆ ಎಳೆದು, ಎಳೆಗಳನ್ನು ಅಂಚಿನಲ್ಲೇ ಕತ್ತರಿಸಿ.

ಈಗ ಒಳಗೆ ಕನ್ನಡಿಯ ಹಾಗೆ ಹೊಳೆಯುವ ರಿಫ್ಲೆಕ್ಟರ್ ಕಾಣುತ್ತದೆ. ಧೂಳು ಕೂತಿದೆ ಅಂತ ಒರೆಸಲು ಕೈ ತುರಿಸುತ್ತದೆ. ದಯವಿಟ್ಟು ಒರೆಸಬೇಡಿ. ಅದು ಪ್ಲಾಸ್ಟಿಕ್ ಮೇಲೆ ನಿರ್ವಾತದಲ್ಲಿ ಕೂರಿಸಿದ, ಒಂದು ಮೈಕ್ರಾನಿಗಿಂತಲೂ ತೆಳುವಾದ ಅಲ್ಯೂಮಿನಿಯಂ ಪದರ. ಬಟ್ಟೆ ಉಜ್ಜಿದರೆ ಗೀರು, ಸ್ಪಿರಿಟ್ ಹಾಕಿದರೆ ಪದರವೇ ಎದ್ದು ಬರಬಹುದು. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಸೋಪು ಬೆರೆಸಿ ಮೇಲಿಂದ ಸುರಿದು, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ನೆರಳಲ್ಲಿ ತಾನಾಗಿ ಒಣಗಲು ಬಿಡಿ. ಪದರ ಆಗಲೇ ಸುಟ್ಟು ಬೂದು ಬಣ್ಣಕ್ಕೆ ತಿರುಗಿದ್ದರೆ ತೊಳೆದರೂ ಪ್ರಯೋಜನವಿಲ್ಲ, ಮೆಕ್ಯಾನಿಕ್ ಹೇಳಿದ್ದೇ ಸರಿ, ಹೊಸ ಅಸೆಂಬ್ಲಿ ಹಾಕಿ. ಗ್ಲಾಸಿನ ಒಳಮೈ ಮಾತ್ರ ಸೋಪಿನ ನೀರಲ್ಲಿ ಮೆತ್ತನೆ ಬಟ್ಟೆಯಿಂದ ತೊಳೆಯಬಹುದು. ಪೆಟ್ರೋಲ್, ಥಿನ್ನರ್, ಅಸಿಟೋನ್ ಅದರ ಹತ್ತಿರ ತರಬೇಡಿ, ಪಾಲಿಕಾರ್ಬೊನೇಟ್ ಕೂದಲಿನಂತೆ ಬಿರುಕು ಬಿಡುತ್ತದೆ.

ಮುಚ್ಚುವ ಕೆಲಸಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಹಳೆಯ ಅಂಟಿನ ಮೇಲೇ ಬಿಸಿ ಮಾಡಿ ಒತ್ತಿಬಿಡುವವರಿದ್ದಾರೆ. ಅದು ಸೋರುತ್ತಿದ್ದ ಅಂಟು ಎಂಬುದನ್ನು ಮರೆಯುತ್ತಾರೆ. ಡಬ್ಬಿಯ ಅಂಚಿನಲ್ಲಿ ಗ್ಲಾಸು ಕೂರುವ ಕಾಲುವೆಯನ್ನು ಬಿಸಿ ಮಾಡುತ್ತಾ ಹಳೆಯದನ್ನೆಲ್ಲ ಕೆರೆದು ತೆಗೆಯಿರಿ, ಬೇಸರದ ಕೆಲಸ, ಬೇರೆ ದಾರಿಯಿಲ್ಲ. ಹೆಡ್‌ಲೈಟಿಗೆಂದೇ ಬರುವ ಹಗ್ಗದಂಥ ಬ್ಯೂಟೈಲ್, 8ರಿಂದ 10 ಮಿಲಿಮೀಟರ್ ದಪ್ಪದ್ದು, ಕಾಲುವೆಯಲ್ಲಿ ಸುತ್ತಲೂ ಕೂರಿಸಿ. ಎಳೆದು ತೆಳ್ಳಗೆ ಮಾಡಬೇಡಿ, ಶುರುವಾದಲ್ಲಿ ಕೊನೆಯ ತುದಿ ಒಂದಿಷ್ಟು ಮೇಲೇರಲಿ. ಸಿಲಿಕೋನ್ ಬಳಸುವ ಆಸೆ ಬರುತ್ತದೆ. ಹುಳಿ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ರಿಫ್ಲೆಕ್ಟರಿನ ಹೊಳಪನ್ನು ತಿನ್ನುತ್ತದೆ. ಒಳಗೆ ಮುರಿದದ್ದನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದರೂ ಅದರ ಆವಿ ಗ್ಲಾಸಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ.

ಗ್ಲಾಸು ಕೂರಿಸುವ ಮುನ್ನ ಬೆಳಕಿನ ದಿಕ್ಕು ಹೊಂದಿಸುವ ಹಿಂದಿನ ಎರಡು ಅಡ್ಜಸ್ಟ್‌ಮೆಂಟ್ ಸ್ಕ್ರೂ ತಿರುಗಿಸಿ, ರಿಫ್ಲೆಕ್ಟರ್ ಜೊತೆಗೇ ಅಲುಗುತ್ತದೆಯೇ ನೋಡಿ. ಅದರ ಪ್ಲಾಸ್ಟಿಕ್ ಗುಂಡು ಗೂಡಿನಿಂದ ಕಳಚಿದ್ದರೆ ಮುಚ್ಚಿದ ಮೇಲೆ ಏನೂ ಮಾಡಲಾಗದು. ನೋಡಿದ ಮೇಲೆ ಸ್ಕ್ರೂಗಳನ್ನು ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ. ಆಮೇಲೆ ಸಂದಿಯನ್ನು ಮತ್ತೆ ಬಿಸಿ ಮಾಡಿ, ಸುತ್ತಲೂ ಒಂದೇ ಸಮ ಒತ್ತಿ, ಸ್ಕ್ರೂ ಹಾಕಿ, ತಣಿಯುವವರೆಗೆ ಕ್ಲಾಂಪ್ ಹಿಡಿಸಿ. ತಣಿದ ಮೇಲೆ ಸೋಪಿನ ನೀರಿನ ಪರೀಕ್ಷೆ ಇನ್ನೊಮ್ಮೆ. ಗಾಳಿಕಿಂಡಿಗಳ ಟೇಪ್ ತೆಗೆಯಲು ಮರೆತರೆ ಇಷ್ಟು ಮಾಡಿದ್ದೂ ವ್ಯರ್ಥ.

ಹ್ಯಾಲೊಜೆನ್ ಬಲ್ಬ್ ವಾಪಸು ಹಾಕುವಾಗ ಅದರ ಗಾಜಿಗೆ ಬೆರಳು ತಾಗದಿರಲಿ. ಚರ್ಮದ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ಎಚ್4 ಅಥವಾ ಎಚ್7 ಮಾದರಿಯ ಹ್ಯಾಲೊಜೆನ್ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕುವ ಯೋಚನೆ ಇದ್ದರೆ ನನ್ನ ಸಲಹೆ ಬೇಡ ಎಂದೇ. ಆ ರಿಫ್ಲೆಕ್ಟರಿನ ಆಕಾರ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೆಳಕಿನ ಮೂಲ ಸ್ವಲ್ಪ ಸರಿದರೂ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಲವು ದೇಶಗಳಲ್ಲಿ ಅದು ಕಾನೂನಿಗೂ ವಿರುದ್ಧ.

ಬಂಪರ್ ಹಾಕುವ ಮುನ್ನವೇ ಬ್ಯಾಟರಿ ಜೋಡಿಸಿ ಎಲ್ಲ ದೀಪ ಉರಿಯುತ್ತವೆಯೇ ನೋಡಿ. ಎಲ್ಲ ಹಾಕಿದ ಮೇಲೆ ಕಾರನ್ನು ಗುರುತು ಮಾಡಿದ ಜಾಗದಲ್ಲೇ ನಿಲ್ಲಿಸಿ, ಬೆಳಕಿನ ಗೆರೆ ಟೇಪಿನ ಮೇಲೆ ಬರುವ ಹಾಗೆ ಸ್ಕ್ರೂ ತಿರುಗಿಸಿ. ಟೇಪ್ ಹಾಕಲು ಮರೆತಿದ್ದರೆ ಹೆಡ್‌ಲೈಟಿನ ಸುತ್ತಮುತ್ತ ಅಥವಾ ಬಾನೆಟ್ಟಿನ ಕೆಳಗೆ 1.0% ಅಥವಾ 1.2% ಎಂಬಂಥ ಗುರುತು ಹುಡುಕಿ. ಒಂದು ಪರ್ಸೆಂಟ್ ಎಂದರೆ 10 ಮೀಟರ್ ದೂರದ ಗೋಡೆಯ ಮೇಲೆ ಡಿಪ್ ಬೆಳಕಿನ ಗೆರೆ ಬಲ್ಬಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಟೈರಿನ ಗಾಳಿ ಸರಿಯಿರಲಿ, ಡಿಕ್ಕಿಯಲ್ಲಿ ಭಾರ ಇರದಿರಲಿ, ಒಳಗೆ ಎತ್ತರ ಹೊಂದಿಸುವ ಗುಂಡಿ ಇದ್ದರೆ ಸೊನ್ನೆಯಲ್ಲಿರಲಿ.