ಗಿಟಾರ್ ಪೆಡಲ್‌ನ ಬ್ಯಾಟರಿ ಬೇಗ ಖಾಲಿಯಾಗುವುದೇಕೆ?

ಪ್ರಶ್ನೆ: ನನ್ನ ಓವರ್‌ಡ್ರೈವ್ ಪೆಡಲ್‌ಗೆ (ಗಿಟಾರಿನ ಧ್ವನಿಯನ್ನು ಒರಟಾಗಿಸುವ ಪುಟ್ಟ ಪೆಟ್ಟಿಗೆ) ಹೊಸ 9 ವೋಲ್ಟ್ ಬ್ಯಾಟರಿ ಹಾಕಿದರೂ ನಾಲ್ಕು ದಿನಕ್ಕಿಂತ ಹೆಚ್ಚು ಬಾಳುತ್ತಿಲ್ಲ. ನಾನು ದಿನಕ್ಕೆ ಅರ್ಧ ಗಂಟೆಯಷ್ಟೇ ನುಡಿಸುತ್ತೇನೆ. ನುಡಿಸಿ ಮುಗಿದ ಕೂಡಲೇ ಕಾಲಿನ ಸ್ವಿಚ್ ಒತ್ತಿ, ಎಲ್‌ಇಡಿ ದೀಪ ಆರಿದ್ದನ್ನು ನೋಡಿಯೇ ಏಳುತ್ತೇನೆ. ಪೆಡಲ್‌ನಲ್ಲಿ ದೋಷವಿದೆಯೇ?

ಉತ್ತರ: ದೋಷ ಇರಲಾರದು. ಕಾಲಿನಲ್ಲಿ ಒತ್ತುವ ಸ್ವಿಚ್ಚು ವಿದ್ಯುತ್ತಿನ ಸ್ವಿಚ್ಚಲ್ಲ. ಗಿಟಾರಿನ ಧ್ವನಿ ಪೆಡಲ್‌ನ ಸರ್ಕ್ಯೂಟಿನ ಮೂಲಕ ಹೋಗಬೇಕೋ ಅದನ್ನು ಬಿಟ್ಟು ಪಕ್ಕದ ದಾರಿಯಲ್ಲಿ ಹೋಗಬೇಕೋ ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ದೀಪ ಆರಿದ ಮೇಲೂ ಒಳಗಿನ ಸರ್ಕ್ಯೂಟ್ ಬ್ಯಾಟರಿಯಿಂದ ವಿದ್ಯುತ್ ಎಳೆಯುತ್ತಲೇ ಇರುತ್ತದೆ.

ನಿಜವಾದ ಸ್ವಿಚ್ ಇರುವುದು ಗಿಟಾರಿನ ಕೇಬಲ್ ಚುಚ್ಚುವ ಇನ್‌ಪುಟ್ ಜಾಕಿನಲ್ಲಿ. ಗಿಟಾರಿನ ಧ್ವನಿ ಮೋನೋ (ಒಂದೇ ವಾಹಿನಿಯದು) ಆಗಿದ್ದರೂ ಬಹುತೇಕ ಪೆಡಲ್‌ಗಳಲ್ಲಿ ಅಲ್ಲಿ ಎರಡು ವಾಹಿನಿಗಳ ಸ್ಟೀರಿಯೋ ಜಾಕನ್ನೇ ಕೂರಿಸಿರುತ್ತಾರೆ, ಏಕೆಂದರೆ ಅದರಲ್ಲಿ ಹೆಚ್ಚಿಗೆ ಇರುವ ಮೂರನೆಯ ಸಂಪರ್ಕಕ್ಕೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬೆಸೆಯಬಹುದು. ಮೋನೋ ಪ್ಲಗ್ ಒಳಹೊಕ್ಕಾಗ ಅದರ ಉದ್ದನೆಯ ಲೋಹದ ಬುಡ ಆ ಮೂರನೆಯ ಸಂಪರ್ಕವನ್ನು ಸರ್ಕ್ಯೂಟಿನ ಸಾಮಾನ್ಯ ನೆಗೆಟಿವ್ ಬಿಂದುವಾದ ಗ್ರೌಂಡ್‌ಗೆ ಸೇರಿಸುತ್ತದೆ ಮತ್ತು ವಿದ್ಯುತ್ ಹರಿಯತೊಡಗುತ್ತದೆ. ಪ್ಲಗ್ ಹೊರಗೆ ಬಂದರೆ ಹರಿವು ನಿಲ್ಲುತ್ತದೆ.

ಈಗ ನಿಮ್ಮ ನಾಲ್ಕು ದಿನಗಳ ಲೆಕ್ಕ ನೋಡೋಣ. ಒಳ್ಳೆಯ ಅಲ್ಕಲೈನ್ 9 ವೋಲ್ಟ್ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿಆಂಪಿಯರ್-ಗಂಟೆ. ನಿಮ್ಮ ಪೆಡಲ್ 5 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಬ್ಯಾಟರಿ 100 ಗಂಟೆ, ಅಂದರೆ ನಾಲ್ಕು ದಿನಕ್ಕಿಂತ ತುಸು ಹೆಚ್ಚು, ಬರುತ್ತದೆ. ನೀವು ಅರ್ಧ ಗಂಟೆ ನುಡಿಸಿದ್ದರೂ ಕೇಬಲ್ ಚುಚ್ಚಿಯೇ ಇದ್ದುದರಿಂದ ಬ್ಯಾಟರಿ ಇಪ್ಪತ್ನಾಲ್ಕು ಗಂಟೆಯೂ ದುಡಿದಿದೆ. ಕೇಬಲನ್ನು ಕಿತ್ತಿಡುವ ಅಭ್ಯಾಸ ಮಾಡಿಕೊಂಡರೆ ಅದೇ ಬ್ಯಾಟರಿ ನಿಮಗೆ ತಿಂಗಳುಗಟ್ಟಲೆ ಬಾಳೀತು.

ಇಲ್ಲಿ ಹಲವರು ಎಡವುವ ಒಂದು ಸಂಗತಿಯಿದೆ. ನಾಲ್ಕೈದು ಪೆಡಲ್‌ಗಳನ್ನು ಚಿಕ್ಕ ಕೇಬಲ್‌ಗಳಿಂದ ಸಾಲಾಗಿ ಜೋಡಿಸಿಟ್ಟವರು ಗಿಟಾರಿನ ಕೇಬಲೊಂದನ್ನು ಕಿತ್ತು ನಿಶ್ಚಿಂತರಾಗುತ್ತಾರೆ. ಅದರಿಂದ ಆರುವುದು ಮೊದಲನೆಯ ಪೆಡಲ್ ಮಾತ್ರ. ಉಳಿದವುಗಳ ಇನ್‌ಪುಟ್ ಜಾಕಿನಲ್ಲಿ ಚಿಕ್ಕ ಕೇಬಲ್ ಇದ್ದೇ ಇರುವುದರಿಂದ ಅವುಗಳ ಬ್ಯಾಟರಿ ಕರಗುತ್ತಲೇ ಇರುತ್ತದೆ. ಪ್ರತಿ ಪೆಡಲ್‌ನ ಇನ್‌ಪುಟ್ ಪ್ಲಗ್ಗನ್ನೂ ಕೀಳಬೇಕು. ಔಟ್‌ಪುಟ್ ಕಡೆಯದು ಹಾಗೆಯೇ ಇದ್ದರೆ ಅಡ್ಡಿಯಿಲ್ಲ.

ಕೇಬಲ್ ಕಿತ್ತ ಮೇಲೂ ಬ್ಯಾಟರಿ ಖಾಲಿಯಾದರೆ ಮಲ್ಟಿಮೀಟರ್ ಬೇಕಾಗುತ್ತದೆ. ಬ್ಯಾಟರಿ ಕ್ಲಿಪ್ಪಿನ ಒಂದು ಗುಂಡಿಯನ್ನು ಮಾತ್ರ ಬ್ಯಾಟರಿಗೆ ಸೇರಿಸಿ, ಕ್ಲಿಪ್ಪನ್ನು ಪಕ್ಕಕ್ಕೆ ಹೊರಳಿಸಿ, ಬಿಡಿಯಾಗಿ ಉಳಿದ ಎರಡು ಗುಂಡಿಗಳ ನಡುವೆ ಮಿಲಿಆಂಪಿಯರ್ ಅಳತೆಗೆ ಇಟ್ಟ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿರಿ. ಪ್ಲಗ್ ಇಲ್ಲದಾಗ ಮೀಟರ್ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಜಾಕಿನ ತಗಡು ಬಾಗಿ ಗ್ರೌಂಡ್‌ಗೆ ತಾಗುತ್ತಿರಬಹುದು, ಇಲ್ಲವೇ ಬೆಸುಗೆಯ ಬಳಿ ತಂತಿಯ ಎಳೆಯೊಂದು ಪಕ್ಕದ ಬೆಸುಗೆಯನ್ನು ಮುಟ್ಟುತ್ತಿರಬಹುದು.

ಪ್ರಶ್ನೆ: ನನ್ನ ಕೋರಸ್ ಪೆಡಲ್ ಅಡಾಪ್ಟರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಬ್ಯಾಟರಿಯಲ್ಲಿ ಉಸಿರೇ ಎತ್ತುವುದಿಲ್ಲ. ಮೀಟರಿನಲ್ಲಿ ನೋಡಿದರೆ ಬ್ಯಾಟರಿ 9 ವೋಲ್ಟ್ ತೋರಿಸುತ್ತದೆ.

ಉತ್ತರ: ಅಡಾಪ್ಟರಿನಲ್ಲಿ ನಡೆಯುತ್ತದೆ ಎಂಬುದರಿಂದ ಸರ್ಕ್ಯೂಟ್ ಆರೋಗ್ಯವಾಗಿದೆ ಎಂದಾಯಿತು, ಹುಡುಕಬೇಕಾದ ಜಾಗ ಬಹಳ ಕಿರಿದಾಯಿತು. ಬಿಡಿಯಾಗಿ ಅಳೆದ 9 ವೋಲ್ಟನ್ನು ಮಾತ್ರ ನಂಬಬೇಡಿ. ದಣಿದ ಬ್ಯಾಟರಿಯ ಒಳರೋಧ ಏರಿರುತ್ತದೆ, ಆದ್ದರಿಂದ ಹೊರೆಯಿಲ್ಲದಾಗ ತಕ್ಕಷ್ಟು ವೋಲ್ಟೇಜ್ ತೋರಿಸಿ, ಕೆಲಸಕ್ಕೆ ಹಚ್ಚಿದೊಡನೆ ಕುಸಿಯುತ್ತದೆ. ಕ್ಲಿಪ್ ಹಾಕಿ, ಕೇಬಲ್ ಚುಚ್ಚಿ, ಪೆಡಲ್ ಆನ್ ಇರುವಾಗಲೇ ಕ್ಲಿಪ್ಪಿನ ಬಳಿ ಅಳೆಯಿರಿ. ಆರೇಳು ವೋಲ್ಟಿಗೆ ಇಳಿದರೆ ಬ್ಯಾಟರಿಯದೇ ತಪ್ಪು. ಚೂರೂ ಇಳಿಯದೆ ನಿಂತರೆ ವಿದ್ಯುತ್ ಹರಿಯುತ್ತಲೇ ಇಲ್ಲ, ಅಂದರೆ ದಾರಿ ಎಲ್ಲೋ ಕಡಿದಿದೆ.

ಕಡಿಯಬಹುದಾದ ಜಾಗಗಳಲ್ಲಿ ನಾನು ಮೊದಲು ನೋಡುವುದು ಕ್ಲಿಪ್ಪನ್ನು. ಪ್ರತಿ ಬಾರಿ ಬ್ಯಾಟರಿ ಬದಲಿಸುವಾಗಲೂ ತಂತಿಯನ್ನೇ ಹಿಡಿದೆಳೆಯುವ ಅಭ್ಯಾಸದಿಂದ, ಹೊರಗಿನ ಹೊದಿಕೆ ಸರಿಯಾಗಿಯೇ ಕಂಡರೂ ಒಳಗಿನ ತಾಮ್ರ ತುಂಡಾಗಿರುತ್ತದೆ. ಎರಡನೆಯದು ಅಡಾಪ್ಟರ್ ಚುಚ್ಚುವ ರಂಧ್ರ. ಅಲ್ಲಿಯೂ ಒಂದು ತಗಡಿನ ಸ್ವಿಚ್ ಇದ್ದು, ಅಡಾಪ್ಟರಿನ ಪಿನ್ ಒಳಹೊಕ್ಕರೆ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸುತ್ತದೆ. ಪಿನ್ ಹೊರಗೆ ಬಂದ ಮೇಲೂ ತಗಡು ಮೊದಲಿನ ಜಾಗಕ್ಕೆ ಮರಳದಿದ್ದರೆ, ಅಥವಾ ಕಿಲುಬು ಹಿಡಿದಿದ್ದರೆ, ನೀವು ಹೇಳಿದ ಲಕ್ಷಣವೇ ಕಾಣುತ್ತದೆ. ಗೋಡೆಯ ಸ್ವಿಚ್ ಆರಿಸಿ ಪಿನ್ನನ್ನು ಪೆಡಲ್‌ನಲ್ಲೇ ಬಿಟ್ಟರೂ ಇದೇ ಪರಿಣಾಮ. ಮೂರನೆಯದು, ಮೊದಲ ಉತ್ತರದಲ್ಲಿ ಹೇಳಿದ ಇನ್‌ಪುಟ್ ಜಾಕಿನ ಮೂರನೆಯ ಸಂಪರ್ಕ: ಸಾಮಾನ್ಯವಾಗಿ ಅಡಾಪ್ಟರಿನ ವಿದ್ಯುತ್ ಆ ದಾರಿಯಲ್ಲಿ ಬರುವುದೇ ಇಲ್ಲವಾದ್ದರಿಂದ, ಅದು ಸಡಿಲಗೊಂಡರೆ ನರಳುವುದು ಬ್ಯಾಟರಿಯೊಂದೇ. ಸ್ಟೀರಿಯೋ ಪ್ಲಗ್ ಇರುವ ಕೇಬಲನ್ನು ಕೈತಪ್ಪಿ ಬಳಸಿದರೂ ಹೀಗೆಯೇ ಆಗುತ್ತದೆ, ಏಕೆಂದರೆ ಅದರಲ್ಲಿ ಆ ಮೂರನೆಯ ಸಂಪರ್ಕವನ್ನು ಮುಟ್ಟುವ ನಡುವಿನ ಉಂಗುರ ಬುಡಕ್ಕೆ ಸೇರಿರುವುದಿಲ್ಲ. ಪೆಡಲ್ ಬಿಚ್ಚುವ ಮೊದಲು ಕೇಬಲ್ ಬದಲಿಸಿ ನೋಡುವುದು ಜಾಣತನ.

ಪ್ರಶ್ನೆ: ಡಿಜಿಟಲ್ ಡಿಲೇ ಪೆಡಲ್‌ಗೆ ರೀಚಾರ್ಜ್ ಮಾಡಬಹುದಾದ ಬ್ಯಾಟರಿ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ನಾನು ಹಾಕುವುದಿಲ್ಲ. ಡಿಜಿಟಲ್ ಪೆಡಲ್‌ಗಳಲ್ಲಿ ಅನೇಕವು 50 ಮಿಲಿಆಂಪಿಯರಿಗೂ ಹೆಚ್ಚು ಎಳೆಯುತ್ತವೆ. 9 ವೋಲ್ಟ್ ಗಾತ್ರದ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಯ ಸಾಮರ್ಥ್ಯ ಸಾಮಾನ್ಯವಾಗಿ 200 ಮಿಲಿಆಂಪಿಯರ್-ಗಂಟೆಯ ಆಸುಪಾಸು ಇರುತ್ತದೆ. ಜೊತೆಗೆ ಏಳು ಸೆಲ್‌ಗಳದ್ದಾದರೆ ಅದರ ವೋಲ್ಟೇಜ್ 8.4 ಮಾತ್ರ. ಒಂದು ಕಾರ್ಯಕ್ರಮ ಮುಗಿಯುವವರೆಗೂ ಅದನ್ನು ನೆಚ್ಚಲಾಗದು. ಡಿಲೇಗೆ ಅಡಾಪ್ಟರನ್ನೇ ಕೊಡಿ. ಅಲ್ಪ ವಿದ್ಯುತ್ ಸಾಕೆನ್ನುವ ಫಜ್ ಪೆಡಲ್‌ಗೆ ರೀಚಾರ್ಜ್ ಬ್ಯಾಟರಿ ಚೆನ್ನಾಗಿಯೇ ಒಗ್ಗುತ್ತದೆ.

ಪ್ರಶ್ನೆ: ವರ್ಷಗಳಿಂದ ಮುಚ್ಚಿಟ್ಟಿದ್ದ ಪೆಡಲ್ ತೆರೆದಾಗ ಬ್ಯಾಟರಿಯ ಸುತ್ತ ಬಿಳಿಯ ಪುಡಿ ಕಂಡಿತು. ಏನು ಮಾಡಲಿ?

ಉತ್ತರ: ಅಲ್ಕಲೈನ್ ಬ್ಯಾಟರಿ ಸೋರಿದೆ. ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮವನ್ನೂ ಕಣ್ಣನ್ನೂ ಸುಡಬಲ್ಲದು. ಕೈಗವಸು ಹಾಕಿಕೊಂಡು ಬ್ಯಾಟರಿಯನ್ನು ತೆಗೆಯಿರಿ, ಪುಡಿಯನ್ನು ಊದಬೇಡಿ. ಅದು ಕ್ಷಾರವಾದುದರಿಂದ ಹತ್ತಿಯ ತುದಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ತುಸುವೇ ಅದ್ದಿ ಒರೆಸಿರಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಇನ್ನೊಮ್ಮೆ ಒರೆಸಿ ಪೂರ್ತಿ ಒಣಗಲು ಬಿಡಿ. ಕ್ಲಿಪ್ಪನ್ನು ಉಳಿಸಿಕೊಳ್ಳಲು ಹೆಣಗಬೇಡಿ, ಹೊಸದನ್ನೇ ಬೆಸೆಯಿಸಿ: ಕೆಂಪು ತಂತಿ ಇದ್ದ ಕಡೆಗೆ ಕೆಂಪು, ಕಪ್ಪು ಇದ್ದ ಕಡೆಗೆ ಕಪ್ಪು. ಹೊಸ ಬ್ಯಾಟರಿ ಹಾಕಿದ ಮೇಲೆ ಐದು ನಿಮಿಷ ಅದನ್ನು ಮುಟ್ಟಿ ನೋಡುತ್ತಿರಿ. ಬಿಸಿಯಾದರೆ ತಕ್ಷಣ ತೆಗೆಯಿರಿ. ಒಳಗೆ ಎಲ್ಲೋ ಶಾರ್ಟ್ ಆಗಿದೆ, ಹಿಂದೆ ಯಾರಾದರೂ ಬ್ಯಾಟರಿಯನ್ನು ತಿರುವುಮುರುವಾಗಿ ಮುಟ್ಟಿಸಿದ್ದರೆ ರಕ್ಷಣೆಗೆಂದು ಇಟ್ಟ ಡಯೋಡೇ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಕೆಟ್ಟು ಹೀಗಾಗಿರಬಹುದು.