ನಕಲು ತಡೆ ಇರುವ ಆಟಗಳನ್ನೂ ತಂತ್ರಾಂಶಗಳನ್ನೂ ಕೊಳ್ಳುವಾಗ ನಾನು ಪಾಲಿಸುವ ನಿಯಮ

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ನಕಲು ತಡೆ, ಅಂದರೆ ಹಣ ಕೊಟ್ಟವರಷ್ಟೇ ಬಳಸುವಂತೆ ಹಾಕುವ ಬೀಗ (ಡಿಆರ್‌ಎಂ), ಅಳವಡಿಸಿರುವ ಆಟ, ತಂತ್ರಾಂಶಗಳನ್ನು ಕೊಳ್ಳಲೇಬಾರದೆಂಬ ನಿಲುವನ್ನು ಕೊನೆಯವರೆಗೆ ಕಾಪಾಡಿಕೊಳ್ಳಲು ಸಾಧ್ಯವೇ ಎಂಬುದು ಒಂದು. ಈ ವಿಷಯದಲ್ಲಿ ಉತ್ತರಿಸುವವರು ಸ್ವತಃ ಯಾವ ನಿಯಮ ಇಟ್ಟುಕೊಂಡಿದ್ದಾರೆ ಎಂಬುದು ಇನ್ನೊಂದು. ಪೂರ್ತಿ ದೂರವಿರುವುದು ಬಹಳ ಕಷ್ಟ, ಮತ್ತು ಅದರ ಅಗತ್ಯವೂ ಇಲ್ಲವೆಂಬುದು ನನ್ನ ಅಭಿಪ್ರಾಯ. ನನ್ನ ನಿಯಮ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಮಾರಿದವರು ನಾಳೆ ಬಾಗಿಲು ಮುಚ್ಚಿದರೆ, ನಾನು ಹಣ ಕೊಟ್ಟು ತಂದದ್ದು ನಾಡಿದ್ದು ನನ್ನ ಯಂತ್ರದಲ್ಲಿ ತೆರೆದುಕೊಳ್ಳುತ್ತದೆಯೇ? ತೆರೆದುಕೊಳ್ಳುವುದಾದರೆ ಕೇಳಿದ ಬೆಲೆ ಕೊಡಲು ನನಗೆ ಹಿಂಜರಿಕೆಯಿಲ್ಲ. ಇಲ್ಲವೆಂದಾದರೆ ಅದನ್ನು ಬಾಡಿಗೆಯೆಂದು ಎಣಿಸಿ, ಬಾಡಿಗೆಗೆ ತಕ್ಕ ಹಣವಾಗುವವರೆಗೆ ಕಾಯುತ್ತೇನೆ ಅಥವಾ ಕೈಬಿಡುತ್ತೇನೆ.

ಕೊಂಡದ್ದಕ್ಕೆ ಪುರಾವೆ ಕೇಳುವುದನ್ನು ನಾನು ಆಕ್ಷೇಪಿಸುವುದಿಲ್ಲ. 1980ರ ದಶಕದ ಆಟಗಳು ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಪದವನ್ನು ಟೈಪ್ ಮಾಡಿ ಎಂದು ಕೇಳುತ್ತಿದ್ದವು. ಕೆಲವು ಆಟಗಳ ಜೊತೆ ತಿರುಗಿಸಿ ಸಂಕೇತ ಹುಡುಕುವ ರಟ್ಟಿನ ಚಕ್ರ ಬರುತ್ತಿತ್ತು. ಆಮೇಲೆ ಡಬ್ಬಿಯ ಮೇಲೆ ಅಚ್ಚಾದ ಸೀರಿಯಲ್ ಸಂಖ್ಯೆ ಬಂತು, ದುಬಾರಿ ವೃತ್ತಿಪರ ತಂತ್ರಾಂಶಗಳಿಗೆ ಕಂಪ್ಯೂಟರಿನ ಹಿಂಬದಿಗೆ ಚುಚ್ಚುವ ಡಾಂಗಲ್ ಬಂತು. ಇವುಗಳಿಂದ ಕಿರಿಕಿರಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ, ಕೈಪಿಡಿ ಕಳೆದುಕೊಂಡವರ ಪಾಡು ಅವರಿಗೇ ಗೊತ್ತು. ಆದರೆ ಪುರಾವೆ ಯಾವ ರೂಪದಲ್ಲಿದ್ದರೂ ಅದು ಕೊಂಡವರ ಮನೆಯಲ್ಲಿಯೇ ಇರುತ್ತಿತ್ತು. ತಯಾರಿಸಿದ ಸಂಸ್ಥೆ ದಿವಾಳಿಯೆದ್ದು ಎಷ್ಟು ವರ್ಷಗಳಾಗಿದ್ದರೂ ಆ ಕೈಪಿಡಿಯ ಪದ ಹೊಂದುತ್ತಲೇ ಇತ್ತು.

ಪುರಾವೆಯನ್ನು ಪರಿಶೀಲಿಸುವ ಕೆಲಸ ದೂರದ ಸರ್ವರಿಗೆ ಹೋದಾಗ ಈ ಸಂಬಂಧ ಬದಲಾಯಿತು. 2008ರಲ್ಲಿ ಬಂದ ಸ್ಪೋರ್ ಆಟವನ್ನು ಆರಂಭದಲ್ಲಿ ಮೂರು ಕಂಪ್ಯೂಟರುಗಳಲ್ಲಿ ಮಾತ್ರ ಸಕ್ರಿಯಗೊಳಿಸಬಹುದಿತ್ತು. ಗ್ರಾಹಕರು ಅಮೆಜಾನಿನಲ್ಲಿ ಒಂದೊಂದೇ ನಕ್ಷತ್ರದ ವಿಮರ್ಶೆಗಳನ್ನು ರಾಶಿ ಹಾಕಿದ ಮೇಲೆ ಆ ಮಿತಿ ಐದಕ್ಕೆ ಏರಿತು. ಇಷ್ಟಾದರೂ ಆ ಆಟ ಅಕ್ರಮ ಜಾಲಗಳಲ್ಲಿ ಧಾರಾಳವಾಗಿ ಹರಿದಾಡಿತು, ಅಂದರೆ ಮಿತಿಯ ಬಿಸಿ ತಟ್ಟಿದ್ದು ಹಣ ಕೊಟ್ಟವರಿಗೆ ಮಾತ್ರ. 2013ರ ಮಾರ್ಚಿನಲ್ಲಿ ಬಿಡುಗಡೆಯಾದ ಸಿಮ್‌ಸಿಟಿಯ ಕಥೆ ಇನ್ನೂ ಸ್ಪಷ್ಟವಾಗಿದೆ. ಒಬ್ಬರೇ ಕುಳಿತು ಊರು ಕಟ್ಟುವ ಆಟವಾದರೂ ಅದಕ್ಕೆ ಸದಾ ಅಂತರ್ಜಾಲ ಸಂಪರ್ಕ ಬೇಕಿತ್ತು, ಮತ್ತು ಮೊದಲ ದಿನಗಳಲ್ಲಿ ಸರ್ವರುಗಳು ಕುಸಿದು ಹಣ ಕೊಟ್ಟವರು ಬಾಗಿಲಿನಲ್ಲಿಯೇ ನಿಲ್ಲಬೇಕಾಯಿತು. ಆಟದ ಲೆಕ್ಕಾಚಾರದ ಒಂದು ಭಾಗ ಸರ್ವರಿನಲ್ಲಿ ನಡೆಯುವುದರಿಂದ ಇದು ಅನಿವಾರ್ಯವೆಂದು ಆಗ ವಿವರಿಸಲಾಯಿತು. ಒಂದು ವರ್ಷದ ನಂತರ, 2014ರ ಮಾರ್ಚಿನಲ್ಲಿ, ಅದೇ ಆಟಕ್ಕೆ ಆಫ್‌ಲೈನ್ ವಿಧಾನ ಬಂತು. ಅನಿವಾರ್ಯ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಇವೆಲ್ಲ ಕೊನೆಗೆ ಸರಿಹೋದ ತೊಂದರೆಗಳು. ಸರಿಹೋಗದ ಉದಾಹರಣೆಯೆಂದರೆ ದಿ ಕ್ರೂ. 2014ರ ಡಿಸೆಂಬರಿನಲ್ಲಿ ಬಂದ ಈ ಕಾರು ಓಟದ ಆಟದಲ್ಲಿ ಒಬ್ಬರೇ ಆಡಬಹುದಾದ ಭಾಗ ಸಾಕಷ್ಟು ದೊಡ್ಡದಾಗಿತ್ತು, ಆದರೆ 2024ರ ಮಾರ್ಚ್ 31ರಂದು ಸರ್ವರುಗಳನ್ನು ನಿಲ್ಲಿಸಿದಾಗ ಆ ಭಾಗವೂ ಸೇರಿ ಇಡೀ ಆಟ ನಿಂತಿತು. ಡಿಸ್ಕ್ ಕೊಂಡು ಕಪಾಟಿನಲ್ಲಿಟ್ಟವರಿಗೂ ಅದೇ ಗತಿ. ಇದರ ಬೆನ್ನಿಗೇ ರಾಸ್ ಸ್ಕಾಟ್ ಎಂಬವರು ಆರಂಭಿಸಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಮನವಿಗೆ 2025ರಲ್ಲಿ ಐರೋಪ್ಯ ಒಕ್ಕೂಟದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಅವರ ಬೇಡಿಕೆ ಸರ್ವರುಗಳನ್ನು ಎಂದೆಂದಿಗೂ ನಡೆಸಿ ಎಂಬುದಲ್ಲ. ನಿಲ್ಲಿಸುವಾಗ ಕೊಂಡವರು ತಾವೇ ಆಡಿಕೊಳ್ಳುವಂಥ ಸ್ಥಿತಿಯಲ್ಲಿ ಆಟವನ್ನು ಬಿಟ್ಟುಹೋಗಿ ಎಂಬುದು. ನನಗೆ ಇದು ಅತಿಯಾದ ಬೇಡಿಕೆಯೆಂದು ಅನಿಸುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಾದ ಕಾನೂನಂತೂ, ಮಾರುತ್ತಿರುವುದು ಹಿಂತೆಗೆದುಕೊಳ್ಳಬಹುದಾದ ಪರವಾನಗಿ ಮಾತ್ರವಾದರೆ ಅದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿದೆ, ಮತ್ತು ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂತರ್ಜಾಲ ಅಂಗಡಿಯ ಪಾವತಿ ಪುಟದಲ್ಲಿ ಅಂಥ ಸೂಚನೆ 2024ರ ಅಕ್ಟೋಬರಿನಲ್ಲಿಯೇ ಕಾಣಿಸಿಕೊಂಡಿತು. ಆ ಸೂಚನೆಯನ್ನು ಓದಿ ಬೆಚ್ಚಿದವರು ಬಹಳ ಮಂದಿ, ಆದರೆ ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಆ ಮಾತು ಮೊದಲಿನಿಂದಲೂ ಇತ್ತು.

ನಾನು ಯಾವ ಬೆಲೆಗೂ ಒಪ್ಪದ ಒಂದು ಬಗೆಯಿದೆ: ಕಾರ್ಯಾಚರಣಾ ವ್ಯವಸ್ಥೆಯ ಆಳಕ್ಕೆ ಇಳಿದು ಡ್ರೈವರಿನ (ಯಂತ್ರಭಾಗಗಳನ್ನು ನಡೆಸಲು ವ್ಯವಸ್ಥೆಯ ಒಳಗೇ ಓಡುವ ತಂತ್ರಾಂಶದ) ರೂಪದಲ್ಲಿ ಕೂರುವ ನಕಲು ತಡೆ. 2005ರಲ್ಲಿ ಸೋನಿ ಬಿಎಂಜಿ ತನ್ನ ಕೆಲವು ಸಂಗೀತ ಸಿಡಿಗಳ ಮೂಲಕ ಜನರ ಕಂಪ್ಯೂಟರಿಗೆ ಸೇರಿಸಿದ ತಂತ್ರಾಂಶ ತನ್ನ ಇರವನ್ನೇ ಮರೆಮಾಚಿಕೊಳ್ಳುತ್ತಿತ್ತು. ವಿಂಡೋಸ್ ತಜ್ಞ ಮಾರ್ಕ್ ರುಸಿನೊವಿಚ್ ಅದನ್ನು ಬಯಲಿಗೆಳೆದ ಸ್ವಲ್ಪ ದಿನಗಳಲ್ಲಿಯೇ ದುರುದ್ದೇಶದ ತಂತ್ರಾಂಶ ಬರೆಯುವವರು ಅದೇ ಮರೆಯಲ್ಲಿ ಅಡಗತೊಡಗಿದರು, ಕೊನೆಗೆ ಸಂಸ್ಥೆ ಆ ಸಿಡಿಗಳನ್ನು ಹಿಂದಕ್ಕೆ ಪಡೆಯಿತು. ಆಟಗಳ ಲೋಕದಲ್ಲಿಯೂ ಇಂಥದೇ ಫಲ ಕಂಡಿದ್ದೇವೆ. ಸೇಫ್‌ಡಿಸ್ಕ್ ಎಂಬ ತಡೆ ನೂರಾರು ಆಟಗಳ ಡಿಸ್ಕುಗಳಲ್ಲಿತ್ತು. ಅದು ಅವಲಂಬಿಸಿದ್ದ ಡ್ರೈವರ್ ಭದ್ರತೆಗೆ ಅಪಾಯವೆಂದು 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಮೂಲ ಡಿಸ್ಕನ್ನು ಜೋಪಾನವಾಗಿ ಉಳಿಸಿಕೊಂಡವರ ಆಟ ಅಂದಿನಿಂದ ತೆರೆಯದಾಯಿತು, ತಡೆಯನ್ನು ಕಿತ್ತುಹಾಕಿದ ನಕಲುಗಳು ಮಾತ್ರ ನಡೆದವು.

ಹಾಗಾದರೆ ಎಲ್ಲಿ ಕೊಳ್ಳುವುದು? ಒಂದೇ ಆಟ ಹಲವು ಕಡೆ ಸಿಗುವುದಾದರೆ ನಾನು ಮೊದಲು ನೋಡುವುದು ನಕಲು ತಡೆ ಇಲ್ಲದ ಆಟಗಳನ್ನು ಮಾರುತ್ತ 2008ರಿಂದ ನಡೆಯುತ್ತಿರುವ ಜಿಒಜಿ ಎಂಬ ಅಂತರ್ಜಾಲ ಅಂಗಡಿಯನ್ನು, ಏಕೆಂದರೆ ಅಲ್ಲಿ ಆಟವನ್ನು ಯಂತ್ರದಲ್ಲಿ ಅನುಸ್ಥಾಪಿಸುವ ಪ್ರತ್ಯೇಕ ಇನ್‌ಸ್ಟಾಲರ್ ಕಡತವನ್ನು ಇಳಿಸಿಕೊಂಡು ನಮ್ಮದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಇಳಿಸಿಕೊಳ್ಳಬಹುದು ಎಂಬುದು ಬೇರೆ, ಇಳಿಸಿಕೊಂಡೆ ಎಂಬುದು ಬೇರೆ. ಖಾತೆಯಲ್ಲಿ ಸಾಲಾಗಿ ಜೋಡಿಸಿಟ್ಟ ಹೆಸರುಗಳನ್ನು ನೋಡಿ ತೃಪ್ತರಾಗುವವರಿಗೆ ನಕಲು ತಡೆ ಇಲ್ಲದಿರುವುದರಿಂದ ಯಾವ ಲಾಭವೂ ಇಲ್ಲ, ಹಾಗಾಗಿ ಕೊಂಡ ವಾರದಲ್ಲಿಯೇ ಇನ್‌ಸ್ಟಾಲರ್ ಇಳಿಸಿ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡುವುದು ನನ್ನ ನಿಯಮದ ಭಾಗವೇ ಆಗಿದೆ. ಸ್ಟೀಮಿನ ಬಗ್ಗೆ ಎರಡು ಅತಿಗಳು ಪ್ರಚಾರದಲ್ಲಿವೆ. ಅಲ್ಲಿರುವುದೆಲ್ಲ ಬೀಗ ಹಾಕಿದ್ದೇ ಎಂದು ಕೆಲವರು ನಂಬಿದ್ದಾರೆ, ಆದರೆ ಅಲ್ಲಿನ ನಕಲು ತಡೆಯನ್ನು ಬಳಸುವುದೂ ಬಿಡುವುದೂ ಪ್ರಕಾಶಕರ ಇಷ್ಟ, ಮತ್ತು ಅನೇಕ ಆಟಗಳು ಸ್ಟೀಮ್ ತೆರೆಯದೆಯೇ ಕಡತಕೋಶದಿಂದ ನೇರವಾಗಿ ಓಡುತ್ತವೆ. ಆಫ್‌ಲೈನ್ ವಿಧಾನ ಇರುವುದರಿಂದ ಚಿಂತೆಯಿಲ್ಲ ಎನ್ನುವವರೂ ಇದ್ದಾರೆ. ಆ ವಿಧಾನ ಸಂಪರ್ಕ ಕಡಿದಾಗ ಉಪಯೋಗಕ್ಕೆ ಬರುತ್ತದೆಯೇ ಹೊರತು ಹೊಸ ಕಂಪ್ಯೂಟರಿನಲ್ಲಿ ಮೊದಲ ಬಾರಿ ಲಾಗಿನ್ ಆಗುವ ಅಗತ್ಯವನ್ನು ತಪ್ಪಿಸುವುದಿಲ್ಲ. ಯಾವ ಆಟಕ್ಕೆ ಯಾವ ಬಗೆಯ ತಡೆಯಿದೆ ಎಂಬುದನ್ನು ಪಿಸಿಗೇಮಿಂಗ್‌ವಿಕಿ ಎಂಬ ಜಾಲತಾಣದಲ್ಲಿ ಅಂಗಡಿವಾರು ಬರೆದಿರುತ್ತಾರೆ. ಹಣ ಕೊಡುವ ಮೊದಲು ಒಮ್ಮೆ ಅದನ್ನು ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ತಯಾರಕರ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ದೊಡ್ಡ ಆಟಗಳ ಗಳಿಕೆಯಲ್ಲಿ ದೊಡ್ಡ ಪಾಲು ಬರುವುದು ಬಿಡುಗಡೆಯ ಮೊದಲ ವಾರಗಳಲ್ಲಿ, ಆ ಅವಧಿಯಲ್ಲಿ ಅಕ್ರಮ ನಕಲು ಹೊರಬಾರದಂತೆ ತಡೆದರೆ ಸಾಕೆಂಬ ಲೆಕ್ಕದ ಮೇಲೆ ಡೆನುವೊದಂಥ ತಡೆಗಳು ಮಾರಾಟವಾಗುತ್ತವೆ. ನಕಲು ತಡೆಯೇ ಇಲ್ಲದೆ 2015ರಲ್ಲಿ ಜಿಒಜಿಯಲ್ಲಿ ಬಂದ ವಿಚರ್ 3 ಎಲ್ಲ ಕಡೆಯ ಮಾರಾಟ ಸೇರಿ 5 ಕೋಟಿ ಪ್ರತಿಗಳನ್ನು ದಾಟಿತು ಎಂಬುದನ್ನು ನನ್ನ ಪಕ್ಷದವರು ಪದೇ ಪದೇ ಉದಾಹರಿಸುತ್ತಾರೆ, ಆದರೆ ಅಷ್ಟು ಜನಪ್ರಿಯವಾದ ಒಂದು ಆಟದಿಂದ ಎಲ್ಲ ಆಟಗಳಿಗೂ ಅನ್ವಯಿಸುವ ತೀರ್ಮಾನ ಹೊರಡುವುದಿಲ್ಲ. ನನ್ನ ಮಾತು ಬೇರೆ: ಮೊದಲ ವಾರಗಳೇ ಮುಖ್ಯವಾದರೆ ಆ ವಾರಗಳು ಕಳೆದ ಮೇಲೆ ತಡೆಯನ್ನು ತೆಗೆಯಲಿ. 2016ರ ಮೇ ತಿಂಗಳಲ್ಲಿ ಬಂದ ಡೂಮ್ ಆಟದಿಂದ ಅದೇ ಡಿಸೆಂಬರಿನಲ್ಲಿ ಡೆನುವೊವನ್ನು ತೆಗೆದರು, ಇನ್ನೂ ಹಲವು ಪ್ರಕಾಶಕರು ಹೀಗೆ ಮಾಡಿದ್ದಾರೆ. ಅಂಥ ಆಟಗಳನ್ನು ನಾನು ತಡೆ ಹೋದ ಮೇಲೆ ಕೊಳ್ಳುತ್ತೇನೆ. ಅಷ್ಟರಲ್ಲಿ ದೋಷಗಳೂ ತಿದ್ದಿರುತ್ತವೆ, ಬೆಲೆಯೂ ಇಳಿದಿರುತ್ತದೆ; ತತ್ವಕ್ಕೆ ಅಂಟಿಕೊಂಡು ಹಣ ಉಳಿಸುವ ಅವಕಾಶ ಜೀವನದಲ್ಲಿ ಅಪರೂಪ.

ಕೆಲಸಕ್ಕೆ ಬಳಸುವ ತಂತ್ರಾಂಶದ ವಿಷಯದಲ್ಲಿ ನನ್ನ ಕಳವಳ ಬೇರೆಡೆಗೆ ತಿರುಗುತ್ತದೆ. ಆಟ ನಿಂತರೆ ಹೋಗುವುದು ಮನರಂಜನೆ. ತಂತ್ರಾಂಶ ನಿಂತರೆ ಅದರಲ್ಲಿ ನಾನೇ ತಯಾರಿಸಿದ ಕಡತಗಳು ಒಳಗೆ ಸಿಕ್ಕಿಬೀಳುತ್ತವೆ. ಫೋಟೊಶಾಪ್ ತಯಾರಿಸುವ ಅಡೋಬಿ 2013ರಲ್ಲಿ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾಗೆ ಮಾತ್ರ ಕೊಡುವುದೆಂದು ನಿರ್ಧರಿಸಿದಾಗ ಅನೇಕರು ತಿಂಗಳ ಖರ್ಚನ್ನು ದೂರಿದರು, ಆದರೆ ಚಂದಾ ಎಂಬುದು ಬಾಡಿಗೆಯೆಂದು ಒಪ್ಪಿಕೊಂಡೇ ಕೇಳುವ ಹಣವಾದ್ದರಿಂದ ಅದರ ಪ್ರಾಮಾಣಿಕತೆಯ ಬಗ್ಗೆ ನನಗೆ ದೂರಿಲ್ಲ. ನಾನು ಕೇಳುವುದು, ಚಂದಾ ನಿಲ್ಲಿಸಿದ ಮರುದಿನ ನನ್ನ ಹಳೆಯ ಕಡತಗಳನ್ನು ತೆರೆಯಬಹುದೇ, ಅವನ್ನು ಬೇರೆ ತಂತ್ರಾಂಶಗಳೂ ಓದುವ ಮುಕ್ತ ಸ್ವರೂಪಕ್ಕೆ ಹೊರತೆಗೆಯಬಹುದೇ ಎಂದು. ಈ ಕಾರಣಕ್ಕೆ ಬರವಣಿಗೆಗೆ ಲಿಬ್ರೆಆಫೀಸ್ ಮತ್ತು ಚಿತ್ರರಚನೆಗೆ ಕ್ರಿತಾ ಬಳಸುತ್ತೇನೆ. ಲಿಬ್ರೆಆಫೀಸ್ ಕಡತ ಉಳಿಸುವ ಓಡಿಎಫ್ ಸ್ವರೂಪ 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿರುವುದು ನನಗೆ ಅದರ ಯಾವ ಹೊಸ ಸೌಲಭ್ಯಕ್ಕಿಂತಲೂ ಹೆಚ್ಚು ಭರವಸೆ ಕೊಡುತ್ತದೆ. ಬೀಗವಿರುವ ತಂತ್ರಾಂಶವನ್ನೇ ಬಳಸಬೇಕಾಗಿ ಬಂದಾಗ, ಕೆಲಸ ಮುಗಿದೊಡನೆ ಮುಕ್ತ ಸ್ವರೂಪದ ಒಂದು ಪ್ರತಿಯನ್ನು ಉಳಿಸುತ್ತೇನೆ. ಹೊಗಳಬೇಕಾದ್ದನ್ನೂ ಹೇಳಬೇಕು: ತನ್ನ ಹಳೆಯ ಸಿಎಸ್2 ತಂತ್ರಾಂಶದ ಸಕ್ರಿಯಗೊಳಿಸುವ ಸರ್ವರನ್ನು ನಿಲ್ಲಿಸಿದಾಗ ಅಡೋಬಿ, ಕೊಂಡವರಿಗಾಗಿ ಆ ಪರಿಶೀಲನೆ ಬೇಡದ ಆವೃತ್ತಿಯನ್ನು ಜಾಲತಾಣದಲ್ಲಿ ಇಟ್ಟಿತ್ತು. ಬೇರೆಯವರಿಂದಲೂ ನಾನು ಬಯಸುವುದು ಇಷ್ಟನ್ನೇ.

ಅಕ್ರಮ ನಕಲು ಇಳಿಸಿಕೊಂಡು ಇದಕ್ಕೆ ಉತ್ತರ ಕೊಡಬಹುದಲ್ಲವೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಷರತ್ತು ಒಪ್ಪಿಗೆಯಾಗದಿದ್ದರೆ ವಸ್ತುವಿಲ್ಲದೆ ಇರುವುದು ನನ್ನ ಹಕ್ಕು, ಹಣ ಕೊಡದೆ ಅನುಭವಿಸುವುದು ಹಕ್ಕಲ್ಲ. ಮೇಲಾಗಿ ಅಂಥ ಪ್ರತಿಯೊಂದು ನಕಲೂ ಇನ್ನಷ್ಟು ಬಿಗಿಯಾದ ತಡೆಗೆ ಸಮರ್ಥನೆಯಾಗಿ ಬಳಕೆಯಾಗುತ್ತದೆ. ಹಣ ಕೊಟ್ಟು ಕೊಂಡ ಪ್ರತಿಯ ತಡೆಯನ್ನು ಮುರಿಯುವುದು ಬೇರೆಯದೇ ಪ್ರಶ್ನೆ. ಸರ್ವರ್ ಸತ್ತ ಮೇಲೆ ತನ್ನದೇ ಆಟವನ್ನು ತೆರೆಯಲು ಯಾರಾದರೂ ಹಾಗೆ ಮಾಡಿದರೆ ಅದರಲ್ಲಿ ನೈತಿಕ ದೋಷ ನನಗೆ ಕಾಣುವುದಿಲ್ಲ. ಆದರೆ ಕಾನೂನು ಅದನ್ನು ಅಷ್ಟು ಸರಳವಾಗಿ ನೋಡುವುದಿಲ್ಲ: ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾಯಿದೆಯಲ್ಲಿ ತಡೆಯನ್ನು ಮುರಿಯುವುದೇ ನಿಷಿದ್ಧ, ಮೂರು ವರ್ಷಗಳಿಗೊಮ್ಮೆ ಪರಿಶೀಲಿಸಿ ಕೊಡುವ ವಿನಾಯಿತಿಗಳಷ್ಟೇ ದಾರಿ, ಮತ್ತು ದೃಢೀಕರಣ ಸರ್ವರ್ ನಿಂತುಹೋದ ಆಟಗಳಿಗೆ ಸೀಮಿತವಾದ ವಿನಾಯಿತಿ ಸಿಕ್ಕಿದ್ದು 2015ರಲ್ಲಿ. ದೇಶದಿಂದ ದೇಶಕ್ಕೆ ಇದು ಬದಲಾಗುವುದರಿಂದ ನಾನು ಯಾರಿಗೂ ಸಲಹೆ ಕೊಡಲು ಹೋಗುವುದಿಲ್ಲ. ಆ ಇಕ್ಕಟ್ಟೇ ಬಾರದಂತೆ ಕೊಳ್ಳುವ ಮೊದಲೇ ತೀರ್ಮಾನಿಸುವುದು ನನಗೆ ಒಗ್ಗಿದ ದಾರಿ.

ಬಹುಮಂದಿ ಒಟ್ಟಿಗೆ ಆಡುವ ಅಂತರ್ಜಾಲ ಆಟಗಳನ್ನು ನಾನು ಈ ಲೆಕ್ಕದಿಂದ ಹೊರಗಿಡುತ್ತೇನೆ, ಏಕೆಂದರೆ ಅಲ್ಲಿ ಸರ್ವರೇ ಆಟ. ಅದು ಇರುವಷ್ಟು ದಿನ ಎಂದು ತಿಳಿದೇ ಹಣ ಕೊಡುತ್ತೇನೆ. ನೀವು ಈಗಾಗಲೇ ಕೊಂಡಿರುವುದರಲ್ಲಿ ಯಾವುದು ಯಾವ ಬಗೆಯದೆಂದು ತಿಳಿಯಲು ಒಂದು ಸಂಜೆ ಸಾಕು. ಕಂಪ್ಯೂಟರಿನ ಅಂತರ್ಜಾಲ ಸಂಪರ್ಕವನ್ನು ಕಡಿದು, ಅಂಗಡಿಯ ತಂತ್ರಾಂಶವನ್ನೂ ಮುಚ್ಚಿ, ನಿಮಗೆ ಮುಖ್ಯವೆನಿಸುವ ಆಟಗಳನ್ನೂ ತಂತ್ರಾಂಶಗಳನ್ನೂ ಒಂದೊಂದಾಗಿ ತೆರೆದು ನೋಡಿ. ತೆರೆದುಕೊಂಡವುಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ತೆರೆಯದವುಗಳಲ್ಲಿ ನಿಮ್ಮ ಸ್ವಂತ ಕಡತಗಳೇನಾದರೂ ಇದ್ದರೆ, ಸಂಪರ್ಕ ಮರಳಿ ಬಂದೊಡನೆ ಮೊದಲು ಅವನ್ನು ಹೊರತೆಗೆಯಿರಿ.