ಆಯುಷ್ಮಾನ್ ಕಾರ್ಡ್ ಕೇಂದ್ರದ್ದಾ, ರಾಜ್ಯದ್ದಾ? ಕಾರವಾರದವರಿಗೆ ಉಪಯೋಗ ಇದೆಯಾ?

ಕಾರ್ಡ್ ಇಬ್ಬರದ್ದೂ. ಉಪಯೋಗ ಖಂಡಿತ ಇದೆ, ಆದರೆ ಓಡಾಟವೂ ಇದೆ.

2018ರ ಮಾರ್ಚ್‌ನಲ್ಲಿ ರಾಜ್ಯದವರು ‘ಆರೋಗ್ಯ ಕರ್ನಾಟಕ’ ಶುರು ಮಾಡಿದ್ದರು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿ ಒಂದೇ ಮಾಡಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ಶೇ. 30 ಮಾತ್ರ ಸರ್ಕಾರ ಕೊಡುತ್ತೆ, ಅದೂ 1.5 ಲಕ್ಷದೊಳಗೆ. ಖರ್ಚಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಅಂತ ಎಲ್ಲರೂ ಹೇಳ್ತಾರೆ, ಆದರೆ ಆ ಲೆಕ್ಕ ಶುರುವಾಗಿದ್ದು 2011ರ ಸಾಮಾಜಿಕ-ಆರ್ಥಿಕ ಗಣತಿ ಪಟ್ಟಿಯಲ್ಲಿದ್ದ ಬಡ ಕುಟುಂಬಗಳಿಗೆ. ನಮ್ಮಲ್ಲಿ ಬಿಪಿಎಲ್ ಕಾರ್ಡ್ ಇರೋರು ಅದಕ್ಕಿಂತ ಎಷ್ಟೋ ಜಾಸ್ತಿ ಅಲ್ವಾ, ಅವರನ್ನೆಲ್ಲ ರಾಜ್ಯ ತನ್ನ ದುಡ್ಡಲ್ಲೇ ಸೇರಿಸಿಕೊಂಡಿತು.

ಇನ್ನು ಓಡಾಟದ ಕಥೆ. ನಮ್ಮ ಅತ್ತೆಗೆ ಎದೆನೋವು ಬಂದು ಹೋಗಿತ್ತು, ಆಂಜಿಯೋಗ್ರಾಮ್ ಮಾಡಿಸಿ ಅಂದರು. ಕಾರ್ಡ್ ಇದೆಯಲ್ಲ ಅಂತ ನಾವು ಸೀದಾ ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಗೆ ಹೋದ್ವಿ. ಕೌಂಟರಿನಲ್ಲಿ ಕೇಳಿದ ಮೊದಲ ಮಾತು, ‘ಸರ್ಕಾರಿ ಆಸ್ಪತ್ರೆಯವರು ಇಲ್ಲಿಗೆ ಕಳಿಸಿದ ಲೆಟರ್ ಎಲ್ಲಿ?’ ತುರ್ತು ಕೇಸ್ ಆಗಿದ್ದರೆ ಲೆಟರ್ ಬೇಡ, ನಮ್ಮದು ಹಾಗಲ್ಲ ಅಂದರು. ಒಂದು ಹಾಳೆಗೋಸ್ಕರ ನಮ್ಮ ಮನೆಯವರು ರಾತ್ರಿ ಬಸ್ ಹತ್ತಿ ಊರಿಗೆ ವಾಪಸ್ ಬಂದರು. ಲೆಟರ್ ತಂದ ಮೇಲೆ ಇನ್ನೊಂದು ತಕರಾರು: ರೇಷನ್ ಕಾರ್ಡಿನಲ್ಲಿ ಅತ್ತೆ ‘ಮಾದೇವಿ’, ಆಧಾರ್‌ನಲ್ಲಿ ‘ಮಹಾದೇವಿ’. ಅತ್ತೆಗೆ ನಗು, ನಮಗೆ ಅಳು. ಅಲ್ಲಿದ್ದ ಆರೋಗ್ಯಮಿತ್ರ (ಈ ಯೋಜನೆಗೆ ಅಂತ ಆಸ್ಪತ್ರೆಯಲ್ಲಿರೋ ಸಹಾಯಕ) ಪುಣ್ಯಾತ್ಮ, ಎರಡು ಗಂಟೆ ಕೂತು ಸರಿ ಮಾಡಿಕೊಟ್ಟ. ಸ್ಟೆಂಟ್ ಹಾಕಿದರು, ಬಿಲ್ ಕಟ್ಟಲಿಲ್ಲ. ಬಾಡಿಗೆ ಕಾರಿಗೆ ಮಾತ್ರ ಕೈಯಿಂದ ಹೋಯ್ತು.

ಮಾಜಾಳಿ ದಾಟಿದರೆ ಗೋವಾ, ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ನಮಗೆ ಹತ್ತಿರ ಅಂತ ನಮ್ಮ ಕಡೆಯವರು ಮೊದಲಿಂದಲೂ ಅಲ್ಲಿಗೆ ಹೋಗ್ತಾರೆ. 2018ರಿಂದ ಅಲ್ಲಿ ಹೊರ ರಾಜ್ಯದವರಿಗೆ ಶುಲ್ಕ ಹಾಕಿದ್ದಾರೆ. ಅವರ ಜನರ ದುಡ್ಡು, ಬೈಯೋಕಾಗಲ್ಲ. ಆದರೆ ದೆಹಲಿ, ಬೆಂಗಳೂರು ಕೂತು ಒಂದು ಕಾರ್ಡ್ ಮಾಡಿದ ಹಾಗೆ ಬೆಂಗಳೂರು, ಪಣಜಿ ಕೂತು ಗಡಿಯವರಿಗೆ ಏನಾದ್ರೂ ಮಾಡಬಹುದಿತ್ತು ಅಂತ ನನಗನಿಸುತ್ತೆ. ಇಲ್ಲಾಂದ್ರೆ ನಮಗೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ, ಇಲ್ಲಾ ಮಣಿಪಾಲ. 2022ರಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಪಲ್ಟಿಯಾಗಿದ್ದು ಇದೇ ಮಣಿಪಾಲದ ದಾರಿಯಲ್ಲಿ.

ನೀವು ಈಗಲೇ ಎರಡು ಕಾರ್ಡಲ್ಲೂ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ. ಹೊರಡೋ ಮುಂಚೆ ಲೆಟರ್ ತಗೊಳ್ಳಿ, ಜೆರಾಕ್ಸ್ ನಾಲ್ಕು ಸೆಟ್ ಇರಲಿ.